ಸೆರಗಿನೊಳಗಿನ ಕೈಗಳು

ತಿಂಗಳ ಮೊದಲ ಭಾನುವಾರ ನಾನು ಚರ್ಚಿಗೆ ಎಲ್ಲರಿಗಿಂತ ಮುಂಚೆ ಹೋಗುತ್ತಿದ್ದೆ. ಭಕ್ತಿ ಹೆಚ್ಚಾಗಿ ಅಲ್ಲ. ಹೆಂಗಸರ ಕಡೆಯ ಮೊದಲ ಬೆಂಚಿನಲ್ಲಿ, ನಡುವಿನ ದಾರಿಗೆ ಅಂಟಿಕೊಂಡ ಜಾಗ ನನಗೇ ಬೇಕಿತ್ತು. ಅಲ್ಲಿ ಬೇರೆ ಯಾರಾದರೂ ಕೂತುಬಿಟ್ಟರೆ ನನ್ನ ಇಡೀ ತಿಂಗಳು ಹಾಳು.

ಭದ್ರಾವತಿಯ ನ್ಯೂ ಟೌನಿನ ನಮ್ಮ ಚರ್ಚು ಚಿಕ್ಕದು. ಶೀಟಿನ ಮಾಡು, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಕರ್ತನ ಭೋಜನದ ಭಾನುವಾರ, ರೊಟ್ಟಿಗೂ ದ್ರಾಕ್ಷಾರಸಕ್ಕೂ ಮುಂಚೆ, ನಮ್ಮಲ್ಲಿ ಸಮಾಧಾನ ಹಂಚುವ ಪದ್ಧತಿಯಿದೆ. ಪಾದ್ರಿಯಾದ ಅಯ್ಯನವರು ಪೀಠದ ಬಳಿ ಸಭೆಯ ಹಿರಿಯನ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು, ದೇವರ ಸಮಾಧಾನ ನಿನ್ನೊಂದಿಗಿರಲಿ ಎನ್ನುತ್ತಾರೆ. ಹಿರಿಯ ಅದನ್ನು ಕೆಳಗೆ ತಂದು ಮೊದಲ ಬೆಂಚಿನ ಮೊದಲಿನವರಿಗೆ ಕೊಡುತ್ತಾನೆ. ಅವರು ಪಕ್ಕದವರಿಗೆ, ಪಕ್ಕದವರು ಅವರಾಚೆಯವರಿಗೆ. ಬಾವಿಯ ಬಳಿ ಸಾಲಾಗಿ ನಿಂತು ಕೊಡ ದಾಟಿಸಿದ ಹಾಗೆ, ಅಂಗೈಯಿಂದ ಅಂಗೈಗೆ, ಕೊನೆಯ ಬೆಂಚಿನವರೆಗೆ. ನಡುವೆ ಯಾರೂ ತುಂಡು ಮಾಡುವಂತಿಲ್ಲ. ಅದನ್ನು ತೆಗೆದುಕೊಳ್ಳದವರು ರೊಟ್ಟಿಗೆ ಮುಂದೆ ಹೋಗುವುದಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ, ಹೋಗುವುದಿಲ್ಲ, ಅಷ್ಟೆ.

ನಮ್ಮ ಸಭೆಯಲ್ಲಿ ಸಮಾಧಾನವನ್ನು ಕೆಳಗೆ ತರುವ ಹಿರಿಯ ದೇವರಾಜ್.

ಅವನು ಬಿಳಿ ಶರ್ಟಿನ ತೋಳು ಪೂರ್ತಿ ಇಳಿಸಿಕೊಂಡು, ಮೆಟ್ಟಿಲಿಳಿದು, ನನ್ನ ಮುಂದೆ ನಿಂತು ಕೈ ಚಾಚುತ್ತಿದ್ದ. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದೆ. ಅವನ ಕೈ ಗಾಳಿಯಲ್ಲಿ ಹಾಗೇ ಇರುತ್ತಿತ್ತು. ಹಿಂದಿನ ಬೆಂಚುಗಳಲ್ಲಿ ಯಾರೋ ಕೆಮ್ಮುತ್ತಿದ್ದರು. ಕೊನೆಗೆ ಅವನು ನನ್ನನ್ನು ಬಿಟ್ಟು, ಮುಂದಕ್ಕೆ ಬಗ್ಗಿ, ಪಕ್ಕದ ಎಸ್ತೇರಮ್ಮನಿಗೆ ಕೈ ಕೊಡಬೇಕಾಗುತ್ತಿತ್ತು. ಬಗ್ಗುವಾಗ ಅವನ ಕಿವಿ ಕೆಂಪಾಗುತ್ತಿತ್ತು. ಆ ಕೆಂಪು ಕಿವಿಗಾಗಿ ನಾನು ತಿಂಗಳಿಡೀ ಕಾಯುತ್ತಿದ್ದೆ. ನನ್ನ ಪಾಲಿನ ಕರ್ತನ ಭೋಜನ ಅದೇ ಆಗಿಹೋಗಿತ್ತು.

ನನ್ನ ಗಂಡ ಧರ್ಮಪ್ಪನೂ ಈ ದೇವರಾಜನೂ ಶಿವಮೊಗ್ಗ ರಸ್ತೆಯ ಒಂದು ಫೌಂಡ್ರಿಯಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸ. ಕುಲುಮೆ ಆರಿಸುವಂತಿರಲಿಲ್ಲ, ಆದ್ದರಿಂದ ಭಾನುವಾರವೂ ಶಿಫ್ಟು. ಶಿಫ್ಟು ಬದಲಿ ಅಲ್ಲಿ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ನಿನ್ನದು ನಾನು ನೋಡಿಕೊಳ್ಳುತ್ತೇನೆ, ನನ್ನದು ನೀನು ನೋಡಿಕೋ ಎಂದರೆ ಮುಗಿಯಿತು. ಆಳು ಕಡಿಮೆಯಾಗದಿದ್ದರೆ ಸೂಪರ್‌ವೈಸರ್ ಕಂಡೂ ಕಾಣದ ಹಾಗೆ ಇರುತ್ತಿದ್ದ, ಏನೂ ಅನಾಹುತವಾಗದ ತನಕ.

ತೊಂಬತ್ತನಾಲ್ಕರ ಈಸ್ಟರಿನ ಹಿಂದಿನ ಸಂಜೆ ದೇವರಾಜ್ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಕಾಫಿ ತಂದುಕೊಟ್ಟವಳು ನಾನೇ.

"ಧರ್ಮಣ್ಣ, ನಾಳೆ ಬೆಳಗ್ಗಿನ ಶಿಫ್ಟು ನನ್ನ ತಲೆ ಮೇಲೆ ಬಂದು ಕೂತಿದೆ ಮಾರಾಯ. ಈಸ್ಟರ್ ದಿನ ಹಿರಿಯನೇ ಚರ್ಚಲ್ಲಿ ಇಲ್ಲ ಅಂದ್ರೆ ಹೆಂಗೆ?"

"ನಂಗೂ ಈಸ್ಟರೇ ಅಲ್ವೇನೋ?"

"ನೀನು ಬಂದ್ರೂ ಪ್ರಸಂಗದಲ್ಲಿ ಗೊರಕೆ ಹೊಡೀತೀಯ. ನಾಳೆ ಒಂದಿನ ಎದ್ದಿದ್ದು ನನ್ನ ಶಿಫ್ಟು ನೋಡ್ಕೋ. ನಿನ್ನ ಪಾಲಿನ ಪ್ರಾರ್ಥನೆನೂ ನಾನೇ ಮಾಡ್ತೀನಿ, ಹೋಗು."

ಇಬ್ಬರೂ ನಕ್ಕರು. ಬಾಗಿಲಿಗೆ ಒರಗಿ ನಾನೂ ನಕ್ಕೆ.

ಬೆಳಗ್ಗೆ ಕ್ರೇನಿನ ಸರಪಳಿ ಜಾರಿ ಕರಗಿದ ಕಬ್ಬಿಣ ತುಂಬಿದ ಬಾನಿ ಧರ್ಮಪ್ಪನ ಮೇಲೆ ಕವುಚಿಕೊಂಡಿತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಮನೆಗೆ ಬಂತು. ಬಿಚ್ಚಿ ನೋಡಬೇಡಿ ಎಂದರು. ಬಿಚ್ಚಲಿಲ್ಲ.

ಶಿಫ್ಟಿನಲ್ಲಿ ಇಲ್ಲದವನು ಭಾನುವಾರ ಒಳಗೆ ಏನು ಮಾಡುತ್ತಿದ್ದ ಎಂದು ವಿಚಾರಣೆಯಲ್ಲಿ ಕೇಳಿದರು. ಹೇಳದೆ ಬದಲಿ ಕಳಿಸಿದ್ದು ಗೊತ್ತಾದರೆ ದೇವರಾಜನ ಕೆಲಸ ಹೋಗುತ್ತಿತ್ತು. ಅವನು, ನಾನು ರಜಾ ಹೇಳಿದ್ದೆ, ಧರ್ಮಪ್ಪನನ್ನು ಕಳಿಸಿರಲಿಲ್ಲ, ಯಾಕೆ ಹೋದನೋ ಗೊತ್ತಿಲ್ಲ ಎಂದುಬಿಟ್ಟ. ತನ್ನ ತಲೆಗೆ ಬರುತ್ತದೆಂದು ಸೂಪರ್‌ವೈಸರೂ ಹೌದೆಂದ. ನಾನು ಕಂಡದ್ದು ಕೇಳಿದ್ದು ಎಲ್ಲ ಹೇಳಿದೆ. ಹೆಂಡತಿ ಇನ್ನೇನು ಹೇಳುತ್ತಾಳೆ ಎಂದರು. ಯಾಕೆ ಹೋದ ಎಂಬ ಪ್ರಶ್ನೆ ಖಾಲಿ ಉಳಿಯಿತು. ಊರು ಅದನ್ನು ತುಂಬಿತು. ಫೌಂಡ್ರಿಯಲ್ಲಿ ಆಗೀಗ ತಾಮ್ರದ ತಂತಿ ಕಳುವಾಗುತ್ತಿತ್ತು. ಅದಕ್ಕೇ ಹೋಗಿದ್ದ ಎಂದು ಮಾತಾಯಿತು. ನನ್ನ ಮಗಳು ಸುಮನಾ ಆಗಿನ್ನೂ ಮೂರನೇ ಕ್ಲಾಸು. ಸ್ಕೂಲಿನಲ್ಲಿ ಅವಳಿಗೆ 'ತಾಮ್ರದ ಧರ್ಮಪ್ಪನ ಮಗಳು' ಎಂದು ಹೆಸರಿಟ್ಟರು. ಹೈಸ್ಕೂಲಿಗೂ ಆ ಹೆಸರು ಅವಳ ಹಿಂದೆಯೇ ಹೋಯಿತು.

ಧರ್ಮಪ್ಪನ ಸಮಾಧಿಯ ಮೇಲೆ 'ಕರ್ತನಲ್ಲಿ ವಿಶ್ರಮಿಸುತ್ತಿದ್ದಾನೆ' ಎಂದು ಕಲ್ಲು ಹಾಕಿಸಿದ್ದೂ ದೇವರಾಜನೇ. ಸಭೆಯ ಪರವಾಗಿ ಎಂದ. ಒಬ್ಬನ ಭಾನುವಾರವನ್ನು ಇನ್ನೊಬ್ಬ ದುಡಿದು ಸತ್ತ. ಸತ್ತವನಿಗೆ ವಿಶ್ರಾಂತಿ ಸಿಕ್ಕಿತು ಎಂದು ಬದುಕಿದವನು ಬರೆಸಿದ. ಆವತ್ತಿನಿಂದ ನಾನು ಅವನನ್ನು ಅಣ್ಣ ಎನ್ನುವುದು ಬಿಟ್ಟೆ, ಮೊದಲ ಬೆಂಚು ಹಿಡಿದೆ. ನನ್ನಿಂದ ಇನ್ನೇನೂ ಆಗುತ್ತಿರಲಿಲ್ಲ. ಅವನ ಸಮಾಧಾನ ನನ್ನ ಹತ್ತಿರ ಬಂದು ನಿಂತುಹೋಗಬೇಕು, ಅದನ್ನು ಎಲ್ಲರೂ ನೋಡಬೇಕು.

ಹೊಟ್ಟೆಪಾಡಿಗೆ ಶಿವಮೊಗ್ಗದ ವಿದ್ಯಾನಗರದಲ್ಲಿ ಹುಡುಗಿಯರ ಹಾಸ್ಟೆಲೊಂದರ ಅಡುಗೆಮನೆ ಸೇರಿದ್ದೆ. ಕತ್ತಲಿರುವಾಗಲೇ ಬಸ್ಸು ಹತ್ತಿದರೆ ಚಪಾತಿ ಲಟ್ಟಿಸಿ, ಬೇಯಿಸಿ, ಪಾತ್ರೆ ತೊಳೆದು, ಮನೆಗೆ ಬಂದು ಮತ್ತೆ ಒಲೆ ಮುಂದೆ. ಭಾನುವಾರವೂ ಆರಾಧನೆ ಮುಗಿಸಿ ಸಂಜೆಯ ಅಡುಗೆಗೆ ಓಡುವುದು. ಅಲ್ಲಿ ಮುಖ್ಯ ಅಡುಗೆಯವಳು ಜಗದಾಂಬಾ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು.

"ನಿಮ್ಮ ದೇವ್ರು ಲೋಕ ಎಲ್ಲ ಮಾಡಿ ಒಂದಿನ ರೆಸ್ಟ್ ತಗೊಂಡ ಅಂತೀಯಲ್ಲೇ ಸುವರ್ಣ, ನಿಂಗೆ ಯಾವಾಗ ಕೊಡ್ತಾನಂತೆ?" ಎಂದು ಅವಳು ಹಿಟ್ಟು ನಾದುತ್ತ ಕೆಣಕುತ್ತಿದ್ದಳು.

"ನಂದು ಆ ದೇವರಾಜನ ಹತ್ರ ಇದೆ."

"ಅವನ ಬಾಗಿಲು ಕಾಯ್ಕೊಂಡು ಕೂತ್ರೆ ಕಾವಲುಗಾರ್ತಿಗೆ ನಿದ್ದೆ ಎಲ್ಲಿಂದ ಬರ್ಬೇಕು ಮಾರಾಯ್ತಿ?"

"ನಿದ್ದೆ ಅವನಿಗೂ ಇಲ್ಲ. ಅಷ್ಟು ಸಾಕು ನಂಗೆ."

"ನಾನಾಗಿದ್ರೆ ಸಾರಿಗೆ ಜಮಾಲ್‌ಗೋಟ ಹಾಕಿ, ಒಂದೇ ದಿನ ಭೇದಿಗೆ ಓಡಾಡಿಸಿ ಮುಗಿಸ್ತಿದ್ದೆ. ತಿಂಗಳಿಗೊಂದ್ಸಲ ಕೈ ಮುಚ್ಕೊಂಡು ಕೂರೋದಂತೆ! ನಿಮ್ದು ಬಾಳ ನಿಧಾನದ ಸೇಡು ಕಣೆ."

ನಿಧಾನದ್ದೇ. ಆದರೆ ತಪ್ಪಿಸಿದ್ದಿಲ್ಲ.

ಹೀಗೆ ಏಳು ವರ್ಷ ನಡೆಯಿತು. ಸುಮನಾ ಹತ್ತನೇ ಕ್ಲಾಸು ಮುಗಿಸಿದ ವರ್ಷ ಅವಳ ದೃಢೀಕರಣ ಬಂತು. ನಮ್ಮಲ್ಲಿ ಮಕ್ಕಳು ದೊಡ್ಡವರಾದ ಮೇಲೆ ಪಾಠ ಕಲಿತು, ಬಿಷಪ್ಪರ ಮುಂದೆ ತಮ್ಮ ನಂಬಿಕೆಯನ್ನು ತಾವೇ ಹೇಳಿಕೊಂಡು, ಆಮೇಲೆ ಮೊದಲ ಬಾರಿ ಕರ್ತನ ಭೋಜನ ತೆಗೆದುಕೊಳ್ಳುತ್ತಾರೆ. ಹಾಗೆ ತೆಗೆದುಕೊಳ್ಳುವ ದಿನ ಮಗು ಮೊದಲ ಬೆಂಚಿನಲ್ಲಿ ತಾಯಿಯ ಪಕ್ಕ ಕೂರಬೇಕು. ಸಮಾಧಾನ ಅದಕ್ಕೆ ತಾಯಿಯ ಕೈಯಿಂದಲೇ ಬರಬೇಕು.

ಪಾಠ ಮುಗಿದ ಒಂದು ಸಂಜೆ, ಹೊಸದಾಗಿ ಬಂದಿದ್ದ ಪ್ರಸನ್ನಕುಮಾರ್ ಅಯ್ಯನವರು ನಮ್ಮಿಬ್ಬರನ್ನೂ ಚರ್ಚಿನ ಜಗಲಿಯಲ್ಲಿ ಕೂರಿಸಿಕೊಂಡರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

"ಸುವರ್ಣಮ್ಮ, ಈ ಸಲ ನೀವು ಕೈ ಹೊರಗೆ ತೆಗೀಬೇಕು."

"ಎಸ್ತೇರಮ್ಮನ ಕೈಯಿಂದ ಕೊಡ್ಸಿ, ಅಯ್ಯನವರೇ. ಅವಳೂ ತಾಯಿನೇ."

"ನೀವು ದಿನಾ ಎಷ್ಟು ದಣೀತೀರಿ ಅಂತ ಊರಿಗೇ ಗೊತ್ತು. ಆದ್ರೆ ಹಾಸ್ಟೆಲ್ ಕೆಲಸ ಬಿಟ್ರೂ ಈ ದಣಿವು ಹೋಗಲ್ಲ. ಯೇಸುಸ್ವಾಮಿ ಕರೆದಿದ್ದು ಹೊರೆ ಹೊತ್ತವರನ್ನ. ವಿಶ್ರಾಂತಿ ಅಂದ್ರೆ ಕೈಕಟ್ಟಿ ಕೂರೋದಲ್ಲಮ್ಮ, ಹೊರೆ ಇಳಿಸೋದು."

"ಇಳಿಸೋಕೇನು ಅಯ್ಯನವರೇ, ಇಳಿಸ್ತೀನಿ. ಯಾರ ಕಾಲ ಮೇಲೆ ಬೀಳುತ್ತೆ ಅಂತ ನೋಡ್ಕೊಂಡು ಇಳಿಸ್ತೀನಿ."

ಅಷ್ಟು ಹೊತ್ತೂ ತಲೆ ತಗ್ಗಿಸಿದ್ದ ಸುಮನಾ ಎದ್ದು ನಿಂತಳು.

"ನಂಗೆ ಎಸ್ತೇರಮ್ಮನ ಕೈಯಿಂದ ಬೇಡ ಅಯ್ಯನವರೇ. ಅಮ್ಮನ ಕೈಯಿಂದ ಬರದಿದ್ರೆ ನಾನು ತಗೊಳ್ಳೋದೇ ಇಲ್ಲ."

ಮನೆಗೆ ಹೋಗುವ ದಾರಿಯ ತಿರುವಿನಲ್ಲಿ ಅವಳು ನಿಂತು ಎರಡೂ ಕೈಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡಳು. ಗದ್ದ ಎತ್ತಿ ಎದುರಿಗೆ ಯಾರೋ ನಿಂತಿರುವ ಹಾಗೆ ದಿಟ್ಟಿಸಿದಳು.

"ಹೀಗೇ ತಾನೆ ಅಮ್ಮ? ನಾನೂ ಕಲ್ತಿದೀನಿ."

ಅಣಕಿಸುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದರೆ ಅಣಕವಿರಲಿಲ್ಲ. ಹದಿನಾರರ ಹುಡುಗಿಯ ಮುಖದ ಮೇಲೆ ನನ್ನ ಮುಖ ಬಂದು ಕೂತಿತ್ತು. ನನ್ನ ಸೇಡು ನನ್ನ ಜೊತೆಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಅದು ಆಗಲೇ ಅವಳ ದುಪಟ್ಟಾದೊಳಗೆ ಹೋಗಿ ಕೂತಿತ್ತು.

ಆ ವಾರವೇ ದೇವರಾಜ್ ಹೆಂಡತಿ ಹೂವಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅಂದು ನಿಂತಿದ್ದ ಬಾಗಿಲಲ್ಲೇ ನಿಂತ. ಒಳಗೆ ಬನ್ನಿ ಎನ್ನಲಿಲ್ಲ. ಕಾಫಿಯ ಮಾತೇ ಇಲ್ಲ.

"ಮಗೂಗೋಸ್ಕರನಾದ್ರೂ ಕೈ ಕೊಡು ಸುವರ್ಣಕ್ಕ," ಎಂದ.

"ಕೊಡ್ತೀನಿ. ಮೊದಲು ಸಭೆ ಮುಂದೆ ಹೇಳು, ಅದು ನಿನ್ನ ಶಿಫ್ಟು ಅಂತ."

"ದೇವ್ರ ಮುಂದೆ ದಿನಾ ಹೇಳ್ತೀನಕ್ಕ. ಮಂಡಿ ಸವೆಯೋ ಹಾಗೆ ಬೇಡ್ಕೊಂಡಿದೀನಿ."

"ನನ್ನ ಗಂಡನ್ನ ಕಳ್ಳ ಅಂದಿದ್ದು ದೇವ್ರಾ? ಊರು. ಊರಿಗೆ ಹೇಳು."

ಹೂವಮ್ಮ ಕಣ್ಣೊರೆಸಿಕೊಂಡಳು. "ರಾತ್ರಿ ಎದ್ದೆದ್ದು ಕೂತ್ಕೋತಾರೆ ಅಕ್ಕ. ನೆಟ್ಟಗೆ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ."

"ಕೂತ್ಕೊಳ್ಳಲಿ ಬಿಡು ಹೂವಮ್ಮ. ಇಲ್ಲಿ ನಾನೂ ಎದ್ದೇ ಇರ್ತೀನಿ. ಜೊತೆ ಆಯ್ತಲ್ಲ."

"ಮಗನ ಮದುವೆ ಮಾತುಕತೆ ನಡೀತಿದೆ," ಎಂದ ದೇವರಾಜ್ ನೆಲ ನೋಡುತ್ತ. "ಈಗ ಹೇಳಿದ್ರೆ ಜನ ಏನಂತಾರೆ?"

"ಏನಂತಾರೆ ಅಂತ ನನ್ನ ಮಗಳನ್ನ ಕೇಳು. ಚೆನ್ನಾಗಿ ಗೊತ್ತು ಅವಳಿಗೆ."

ಬಾಗಿಲು ಹಾಕಿಕೊಂಡೆ. ಅವನ ಚಪ್ಪಲಿಯ ಸದ್ದು ದೂರವಾಗುವಾಗ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಕೈ ಕೊಡುತ್ತೇನೆ. ಆದರೆ ಬಿಡುವುದಿಲ್ಲ.

ಆ ಭಾನುವಾರ ಚರ್ಚು ತುಂಬಿತ್ತು. ಬಿಳಿ ಚೂಡಿದಾರ ಹಾಕಿಕೊಂಡು ಸುಮನಾ ನನ್ನ ಪಕ್ಕ ಕೂತಿದ್ದಳು, ಕೈಗಳು ದುಪಟ್ಟಾದೊಳಗೆ. ಆಚೆಗೆ ಎಸ್ತೇರಮ್ಮ. ಅಯ್ಯನವರು ದೇವರಾಜನ ಕೈ ಹಿಡಿದು ಸಮಾಧಾನ ಕೊಟ್ಟರು. ಅವನು ಮೆಟ್ಟಿಲಿಳಿದು ಬಂದ. ಕಿವಿ ಆಗಲೇ ಕೆಂಪು. ನನ್ನ ಮುಂದೆ ನಿಂತು ಕೈ ಚಾಚಿದ.

ನಾನು ಸೆರಗಿನಿಂದ ಕೈ ಹೊರಗೆ ತೆಗೆದೆ.

ಹಿಂದೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ನನ್ನ ಬಲಗೈಯನ್ನು ದೇವರಾಜ್ ತನ್ನ ಅಂಗೈಗಳ ನಡುವೆ ತೆಗೆದುಕೊಂಡ. ಅದರ ಮೇಲೆ ನಾನು ಎಡಗೈಯಿಟ್ಟು ಬಿಗಿ ಹಿಡಿದೆ. ದಿನಾ ಗುಡ್ಡೆ ಹಿಟ್ಟು ಲಟ್ಟಿಸಿದ ಕೈಗಳು ಅವು.

"ದೇವರ ಸಮಾಧಾನ ನಿನ್ನೊಂದಿಗಿರಲಿ," ಎಂದ.

"ಆ ಈಸ್ಟರ್ ಬೆಳಗ್ಗೆ ಯಾರ ಶಿಫ್ಟು ದೇವರಾಜ?"

ಪಿಸುಮಾತಿನಲ್ಲಿ ಅಲ್ಲ, ಕೊನೆಯ ಬೆಂಚಿಗೆ ಕೇಳುವ ಹಾಗೆ. ಹಾರ್ಮೋನಿಯಂ ನಿಂತುಹೋಯಿತು. ಅವನು ಕೈ ಎಳೆದುಕೊಳ್ಳಲು ನೋಡಿದ. ಬಿಡಲಿಲ್ಲ.

"ಅಕ್ಕ, ಬಿಡು," ಎಂದ ಹಲ್ಲುಗಳ ನಡುವೆ.

"ಬಿಡ್ತೀನಿ. ಹೇಳು."

ಗಂಡಸರ ಕಡೆಯಿಂದ ಮುದುಕ ಮಾರಪ್ಪ ಎದ್ದು ನಿಂತ. "ಏನಮ್ಮಾ ಇದು, ದೇವರ ಮನೇಲಿ!"

"ದೇವರ ಮನೇಲೇ ಕೇಳ್ಬೇಕು ತಾತ. ಫೌಂಡ್ರಿಲಿ ಕೇಳಿ ಆಯ್ತು."

ಅಯ್ಯನವರು ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ತಡೆಯಲಿಲ್ಲ. ದೇವರಾಜನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಒರೆಸಿಕೊಳ್ಳಲು ಕೈ ನನ್ನ ಹತ್ತಿರವಿತ್ತು.

"ನಂದು," ಎಂದ.

"ಕೇಳಿಸ್ಲಿಲ್ಲ."

"ನಂದು! ನನ್ನ ಶಿಫ್ಟು. ಧರ್ಮನ್ನ ಕಳಿಸಿದ್ದು ನಾನೇ. ಅವನೇನೂ ಕದಿಯೋಕೆ ಹೋಗಿರಲಿಲ್ಲ. ಅವನು ಬೇಡ ಅಂದ, ನಾನೇ ನಗಾಡಿ ಕಳಿಸ್ದೆ. ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳ್ದೆ. ಅವನು ಸಾಯೋ ಹೊತ್ತಲ್ಲಿ ನಾನು ಇಲ್ಲೇ, ಈ ಪೀಠದ ಹತ್ರ ಹಾಡ್ತಿದ್ದೆ…"

ನಾನು ಕೇಳಿದ್ದು ಒಂದು. ಅವನು ನಿಲ್ಲಿಸಲೇ ಇಲ್ಲ. ಮಂಡಿಯೂರಿ ಕುಸಿದು, ಎಲ್ಲವನ್ನೂ ವಾಂತಿ ಮಾಡಿಕೊಂಡ ಹಾಗೆ ಹೊರಗೆ ಹಾಕಿದ. ನಾನು ನೋಡುತ್ತಿದ್ದೆ. ಇದನ್ನು ನೋಡಲೆಂದೇ ಇಷ್ಟು ವರ್ಷ ಬದುಕಿದ್ದೆ. ಅವನು ಪುಡಿಪುಡಿಯಾಗಬೇಕಿತ್ತು, ಮುಖ ಎತ್ತದ ಹಾಗಾಗಬೇಕಿತ್ತು.

ಅವನು ಮುಖ ಎತ್ತಿದ. ಅದು ಹಗುರವಾಗಿತ್ತು. ನನ್ನ ಹಿಡಿತದೊಳಗೆ ಅವನ ಕೈಗಳು ನಿದ್ದೆಹೋದ ಮಗುವಿನ ಕೈಗಳ ಹಾಗೆ ಸಡಿಲವಾಗಿದ್ದವು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಯಾವುದನ್ನು ಏಳು ವರ್ಷ ಅವನಿಗೆ ಸಿಗದ ಹಾಗೆ ತಡೆದು ಕೂತಿದ್ದೆನೋ, ಅದನ್ನೇ ಈಗ ಕೈಯಾರೆ ಅವನಿಗೆ ಕೊಟ್ಟಿದ್ದೆ. ಹೊರೆ ಇಳಿದಿತ್ತು, ಅವನದು. ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸುವಷ್ಟು ಸಿಟ್ಟು ಬಂತು. ಕೈ ಕೊಡವಿ ಬಿಟ್ಟೆ.

ತಿರುಗಿದರೆ ಸುಮನಾಳ ಕೈ ದುಪಟ್ಟಾದಿಂದ ಹೊರಗೆ ಬಂದಿತ್ತು. ಅಂಗೈ ನನ್ನ ಕಡೆಗೆ. ಕೊಡಲು ನನ್ನ ಹತ್ತಿರ ಏನಿತ್ತು? ದೇವರಾಜನ ಬೆವರು, ಅಷ್ಟೆ. ಅದೇ ಕೈಗಳಲ್ಲಿ ಅವಳ ಕೈ ಹಿಡಿದು, ಬಾಯಿಪಾಠ ಒಪ್ಪಿಸುವವಳ ಹಾಗೆ, ದೇವರ ಸಮಾಧಾನ ನಿನ್ನೊಂದಿಗಿರಲಿ ಎಂದೆ. ಅವಳು ಅದನ್ನು ನಿಜವೆಂದೇ ತೆಗೆದುಕೊಂಡಳು. ನನ್ನ ಕೈಯನ್ನು ಹಣೆಗೊತ್ತಿಕೊಂಡು ಎಸ್ತೇರಮ್ಮನ ಕಡೆ ತಿರುಗಿದಳು. ಎಸ್ತೇರಮ್ಮನಿಂದ ಆಚೆಗೆ, ಅಲ್ಲಿಂದ ಹಿಂದಕ್ಕೆ. ತುಂಡಾಗದೆ ಕೊನೆಯ ಬೆಂಚಿಗೆ ಹೋಗಿ ಮುಟ್ಟಿದ್ದು ನನಗೆ ಬೆನ್ನಿನಲ್ಲೇ ತಿಳಿಯಿತು.

ಸುಮನಾ ರೊಟ್ಟಿಗೆ ಹೋದಳು. ನನ್ನನ್ನೂ ಕಣ್ಣಲ್ಲೇ ಕರೆದಳು. ನಾನು ಏಳಲಿಲ್ಲ. ಕ್ಷಮಿಸಿದ್ದೇನೆ ಎಂದು ದೇವರ ಮುಂದೆ ಸುಳ್ಳು ಹೇಳಿದರೆ ನನಗೂ ದೇವರಾಜನಿಗೂ ಏನು ವ್ಯತ್ಯಾಸ?

ಹೊರಗೆ ಜಗಲಿಯಲ್ಲಿ ಎಸ್ತೇರಮ್ಮ ನನ್ನ ತೋಳು ಹಿಡಿದುಕೊಂಡು ಅತ್ತಳು. "ಧರ್ಮಣ್ಣನ ವಿಷಯ ನಾನೂ ನಂಬಿಬಿಟ್ಟಿದ್ದೆ ಕಣೆ."

"ಗೊತ್ತು ಬಿಡು. ನನ್ನ ಬೆನ್ನಿಗೂ ಕಿವಿ ಇತ್ತು, ನೀವೆಲ್ಲ ಆಡಿದ್ದು ಕೇಳಿಸ್ತಿತ್ತು," ಎಂದೆ.

ಮನೆಗೆ ಬಂದು, ಹಾಸ್ಟೆಲಿಗೆ ಹೋಗುವ ಮುಂಚೆ ಒಂದು ಲೋಟ ನೀರು ಕುಡಿಯೋಣವೆಂದು ಗೋಡೆಗೆ ಒರಗಿ ಕೂತೆ. ನೀರು ಕುಡಿದ ನೆನಪಿಲ್ಲ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರು ಗೋಡೆ ಹತ್ತಿ ಹೊಂಬಣ್ಣಕ್ಕೆ ತಿರುಗಿತ್ತು. ತಲೆಯಡಿ ದಿಂಬು, ಕಾಲ ಮೇಲೆ ಹೊದಿಕೆ. ಗಾಬರಿಯಾಗಿ ಎದ್ದು ಕೂತೆ.

"ಏಯ್ ಸುಮನಾ, ಎಬ್ಬಿಸೋಕೇನಾಗಿತ್ತೇ? ಹಾಸ್ಟೆಲ್ ಅಡುಗೆ!"

"ಎಸ್‌ಟಿಡಿ ಬೂತಿಂದ ಫೋನ್ ಮಾಡಿ ಹೇಳ್ದೆ, ಅಮ್ಮ ಇವತ್ತು ಬರಲ್ಲ ಅಂತ."

"ಜಗದಾಂಬಕ್ಕ ಬೈದ್ಲಾ?"

"ಇಲ್ಲ. ನಿಮ್ಮಮ್ಮ ಕೊನೆಗೂ ಕಾವಲು ಕೆಲಸ ಬಿಟ್ಳಾ ಅಂತ ಕೇಳಿದ್ರು. ಹಂಗಂದ್ರೇನಮ್ಮ?"

ನಾನು ಹೊದಿಕೆ ಮಡಿಸತೊಡಗಿದೆ. ಮೈಯಲ್ಲಿ ಎಲ್ಲೂ ನೋವಿರಲಿಲ್ಲ, ಅದೇ ವಿಚಿತ್ರವೆನಿಸಿತು. ಕ್ಷಮಿಸಿರಲಿಲ್ಲ, ರೊಟ್ಟಿ ಮುಟ್ಟಿರಲಿಲ್ಲ, ಒಳ್ಳೆಯದೊಂದನ್ನೂ ಮಾಡಿರಲಿಲ್ಲ. ಆದರೂ ಯಾರೋ ನನ್ನನ್ನು ಮಲಗಿಸಿ ಹೊದಿಸಿದ್ದರು.

ಬಾಗಿಲಲ್ಲಿ ನೆರಳು ಬಿತ್ತು. ಹೂವಮ್ಮ. ಒಳಗೆ ಬರಲು ಧೈರ್ಯವಿಲ್ಲದೆ ಹೊಸ್ತಿಲಾಚೆಯೇ ನಿಂತಿದ್ದಳು.

"ಚರ್ಚಿಂದ ಬಂದವರು ಮಲಗಿದಾರೆ ಅಕ್ಕ. ಊಟನೂ ಮಾಡಿಲ್ಲ. ಗೊರಕೆ ಹೊಡೀತಿದಾರೆ. ನಿಂಗೆ ಹೇಳೋಣ ಅಂತ ಬಂದೆ."

ಅಂದರೆ ನಾನು ಮಲಗಿದ್ದ ಹೊತ್ತಿನಲ್ಲೇ ಅವನೂ ಮಲಗಿದ್ದ. ಇಬ್ಬರಿಗೂ ನಿದ್ದೆಯನ್ನು ಒಂದೇ ಸಮ ಹಂಚಿದ ಆ ದೇವರ ಮೇಲೆ ಸಿಟ್ಟು ಬಂತು. ಹೋಗಿ ಎಬ್ಬಿಸು ಅವನನ್ನ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೂವಮ್ಮನ ಕಣ್ಣ ಕೆಳಗಿನ ಕಪ್ಪು ನೋಡಿದೆ. ಅವಳಿಗೂ ಏಳು ವರ್ಷದಿಂದ ನೆಟ್ಟಗೆ ನಿದ್ದೆಯಾಗಿರಲಿಕ್ಕಿಲ್ಲ.

"ಸುಮನಾ, ಕಾಫಿ ಇಡು," ಎಂದೆ. "ಒಳಗೆ ಬಾ ಹೂವಮ್ಮ, ಕೂತ್ಕೋ. ಈ ಕಾಫಿ ನಿಂಗೆ. ನಿನ್ನ ಗಂಡನಿಗೆ ಇನ್ನೂ ಇಲ್ಲ."